ಖಾಲಿ ಡ್ರೈವಿನ ದೀಪ

೧೯೮೭ರಲ್ಲಿ ಆಯುಧಪೂಜೆ ಕಳೆದು ಕೊಟ್ಟಾರದ ನಮ್ಮ ಗೋಡಂಬಿ ಆಫೀಸು ತೆರೆದ ದಿನ ನಡೆದದ್ದಿದು. ರಫ್ತಿನ ಫೈಲುಗಳನ್ನು ಕುಗ್ಗಿಸಿ ಒಂದೇ ಫ್ಲಾಪಿಗೆ ತುಂಬುವ ಪ್ರೋಗ್ರಾಂ ನಾನು ಬರೆದಿದ್ದೆ. ಕುಗ್ಗಿಸುವ ಕೆಲಸಕ್ಕೆ ಮಾತ್ರ ಅದು ಎರಡನೇ ಡ್ರೈವಿನ ಫ್ಲಾಪಿಯಲ್ಲಿದ್ದ ಇನ್ನೊಂದು ಪ್ರೋಗ್ರಾಮನ್ನು ಕರೆಯುತ್ತಿತ್ತು.

ಅಂದು ಕರೆದರೆ ಉತ್ತರವಿಲ್ಲ. ಆ ಫ್ಲಾಪಿಯನ್ನು ಹೊರತೆಗೆದು ನೋಡಿದೆ. ಅದರ ಕಿಂಡಿಯ ತುಂಬ ಗಂಧ, ಕುಂಕುಮ.

"ಪೂಜೆಗೆ ಇಟ್ಟು ನಾನೇ ಹಚ್ಚಿದ್ದು," ಎಂದರು ಮಾಲೀಕ ಜಯಪಾಲ ಶೆಟ್ರು. "ಕುಂಕುಮಕ್ಕೆ ಹಾಳಾಗುವುದು ಎಂತ ಆಯುಧ ಮಾರಾಯ್ರೆ? ನಿಮ್ಮ ಪ್ರೋಗ್ರಾಮೇ ಸರಿ ಇಲ್ಲ. ಸಂಜೆಯ ಬೆಂಗಳೂರು ಬಸ್ಸಿಗೆ ಫೈಲುಗಳು ಹೋಗದಿದ್ದರೆ ನಾಳೆಯಿಂದ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳಿ."

ಮಕ್ಕಳ ಮೇಲೂ ಸ್ವರ ಏರಿಸದವಳು ನಾನು. ಆಗ ವಿಪರೀತ ಸಿಟ್ಟು ಬಂತು. "ತಪ್ಪು ಯಾರದೆಂದು ತೋರಿಸ್ತೇನೆ. ಈ ಫ್ಲಾಪಿ ಇಲ್ಲದೆ ನನ್ನ ಪ್ರೋಗ್ರಾಂ ಎಲ್ಲಿ ನಿಲ್ಲುತ್ತದೆ, ನೋಡಿ," ಎಂದು ಫ್ಲಾಪಿಯನ್ನು ಕೈಯಲ್ಲೇ ಹಿಡಿದು ಪ್ರೋಗ್ರಾಂ ಓಡಿಸಿದೆ.

ಅದು ನಿಲ್ಲಲಿಲ್ಲ. ಖಾಲಿ ಡ್ರೈವಿನ ಕೆಂಪು ದೀಪ ಹತ್ತಿತು. ಒಳಗೆ ನೆನೆದ ಅಕ್ಕಿಯನ್ನು ಕಲ್ಲಿನಲ್ಲಿ ಕಡೆಯುವಂಥ ಸದ್ದು. ಮಧ್ಯಾಹ್ನದ ಆ ಸೆಕೆಯಲ್ಲಿ ನನ್ನ ಕೈಯ ಫ್ಲಾಪಿ ಮಂಜುಗಡ್ಡೆಯಂತೆ ತಣ್ಣಗಾಗುತ್ತ ಬಂತು.

"ಅದರೊಳಗೆ ಎಂತ ಉಂಟು?" ಶೆಟ್ರ ಸ್ವರ ಸಣ್ಣಗಾಗಿತ್ತು.

"ನೀವೇ ಕೈ ಹಾಕಿ ನೋಡಿ."

ಅವರು ಹಾಕಲಿಲ್ಲ.

ಕುಗ್ಗಿದ ಫೈಲುಗಳು ಸಂಜೆಯ ಬಸ್ಸಿಗೆ ಹೋದವು. ಬೆಂಗಳೂರಿನಲ್ಲಿ ಬಿಡಿಸಿದಾಗ ಒಂದಕ್ಷರವೂ ತಪ್ಪಿರಲಿಲ್ಲ. ಶೆಟ್ರು ಆಡಿದ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ. ಆ ಸಿಟ್ಟು ನನಗಿನ್ನೂ ಇದೆ.

ಮರುವರ್ಷದ ಆಯುಧಪೂಜೆಗೆ ನಾನು ಕಂಪ್ಯೂಟರ್ ಇದ್ದ ಕೋಣೆಗೆ ಬೀಗ ಹಾಕಿ, ಬೀಗದ ಕೈಯನ್ನು ಮನೆಗೇ ಒಯ್ದೆ. ರಜೆ ಕಳೆದು ಬಾಗಿಲು ತೆರೆದಾಗ ಖಾಲಿ ಡ್ರೈವಿನ ಬಾಯಿಯಲ್ಲಿ ಹಸಿ ಕುಂಕುಮವಿತ್ತು.