ಸಂಪಿನೊಳಗಿನ ನಾಲ್ಕು ಮೊಳೆ

“ಸಂಪು ತೊಳ್ಕಳಿ, ಮೋಟ್ರು ಬಿಚ್ಕಳಿ, ಏನಾರ ಮಾಡ್ಕಳಿ ಸಾರ್. ಒಳಗಿರೋ ಮೊಳೆ ಮಾತ್ರ ಮುಟ್‌ಬ್ಯಾಡಿ.”

ಕಾಂಪೌಂಡ್ ಗೋಡೆಯಾಚೆ ಬಟ್ಟೆ ಹರವುತ್ತಿದ್ದ ವನಜಮ್ಮ ಹೀಗೆಂದಾಗ ಪ್ರಭುದೇವ ಸ್ಪ್ಯಾನರ್ ಹಿಡಿದುಕೊಂಡೇ ನಕ್ಕುಬಿಟ್ಟ. ಐಟಿಐನಲ್ಲಿ ಹುಡುಗರಿಗೆ ಎಲೆಕ್ಟ್ರಿಕಲ್ ಪಾಠ ಹೇಳುವ ಮೇಷ್ಟ್ರು ಅವನು. ಕುಣಿಗಲ್ಲಿನಿಂದ ಬಂದು ಈ ಮನೆ ಕೊಂಡು ಇನ್ನೂ ತಿಂಗಳು ತುಂಬಿರಲಿಲ್ಲ.

“ಯಾಕಮ್ಮಾ, ಚಿನ್ನದ ಮೊಳೆಗಳಾ?”

“ನಗಬ್ಯಾಡಿ. ಈ ಮನೆ ಕಟ್ಟಿಸ್ದ ಮಹಾಲಿಂಗಯ್ಯನೋರಿಗೆ ದಾಯಾದಿಗಳು ಮಾಟ ಮಾಡ್ಸಿದ್ರು. ಗೂಳೂರಿನ ಸಿದ್ದಯ್ಯ ಬಂದು ಅದನ್ನ ಸಂಪೊಳಗೆ ಇಳ್ಸಿ, ನಾಕು ಮೂಲೆಗೂ ಮೊಳೆ ಹೊಡ್ದು ದಿಗ್ಬಂಧನ ಹಾಕವ್ನೆ. ಒಳಗೆ ನಿಂತ್ಕಂಡು ಕಿತ್ರೆ ಅದು ಆಚಿಕ್ ಬತ್ತದೆ, ಕಿತ್ತೋರು ಅಲ್ಲೇ ಉಳ್ಕತಾರೆ. ಬಸುರಿ ಗಂಡ ತೆಂಗಿನಕಾಯಿನೇ ಒಡೀಬಾರ್ದು ಅಂತಾರೆ. ನೀವು ನೋಡಿದ್ರೆ...”

“ಕಾಯಿ ಒಡೆಯಲ್ಲ ಬುಡಿ ಅಮ್ಮ. ಆ ಮೊಳೆ ತುಕ್ಕು ಬಿಟ್ಟು ನೀರೆಲ್ಲ ಕೆಂಪಗೆ ಬರ್ತಾ ಇದೆ. ಅದನ್ನ ಬಸುರಿಗೆ ಕುಡಿಸ್ಲಾ?”

ವನಜಮ್ಮ ಒದ್ದೆ ಸೀರೆಯನ್ನು ಬಕೆಟ್ಟಿನಲ್ಲೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಬೆಳಗಿನ ಹತ್ತು ಗಂಟೆ. ಅವನ ಹೆಂಡತಿ ಅಕ್ಷತಾಳಿಗೆ ಏಳು ತಿಂಗಳು. ಅಡುಗೆಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಕಾರ್ಪೊರೇಷನ್ ನೀರು ಬಿಡುವುದು ನಾಳೆ, ಸಂಪಿನಲ್ಲಿ ಉಳಿದಿದ್ದುದು ಮೊಣಕಾಲುದ್ದ. ಮೇನ್ ಸ್ವಿಚ್ ಆಫ್ ಮಾಡಿ, ಕಬ್ಬಿಣದ ಮುಚ್ಚಳ ಸರಿಸಿ, ಸ್ವಲ್ಪ ಹೊತ್ತು ಒಳಗೆ ಗಾಳಿಯಾಡಲು ಬಿಟ್ಟು ಪ್ರಭುದೇವ ಏಣಿ ಇಳಿದ.

ಪಾಚಿಯ ವಾಸನೆಯನ್ನು ಅವನು ನಿರೀಕ್ಷಿಸಿದ್ದ. ಆದರೆ ಅಲ್ಲಿದ್ದದ್ದು ಸುಟ್ಟ ಕೂದಲ ವಾಸನೆ. ಹಿಂದಿನವರು ಏನೋ ಸುಟ್ಟು ಹಾಕಿರಬೇಕು ಎಂದುಕೊಂಡು, ಪೈಪಿನ ತುದಿಯ ಫುಟ್‌ವಾಲ್ವಿಗೆ ಕೈಹಾಕಿದ. ಅದರ ಜಾಲರಿಗೆ ಬೇರಿನಂಥ ಕಪ್ಪು ಎಳೆಗಳು ಸುತ್ತಿಕೊಂಡಿದ್ದವು. ಬ್ರಷ್ಷಿನಿಂದ ತಿಕ್ಕಿ ತೆಗೆದ. ಕೆಲಸ ಅಲ್ಲಿಗೆ ಮುಗಿದಿತ್ತು. ಆದರೆ ತುಕ್ಕು ಹಾಗೇ ಬಿಟ್ಟು ಮೇಲೆ ಹತ್ತುವ ಜಾಯಮಾನ ಅವನದಲ್ಲ.

ಗೇಣುದ್ದದ ಮೊಳೆಗಳು, ಮೈತುಂಬ ಕರಿದಾರ. ಇಕ್ಕಳ ಹಾಕಿ ಎಳೆದರೆ ಮೊದಲನೆಯದು ಹಲಸಿನ ತೊಳೆಯಿಂದ ಬೀಜ ಜಾರಿದಷ್ಟು ಸಲೀಸಾಗಿ ಕೈಗೆ ಬಂತು.

ಎರಡನೆಯದನ್ನು ಕಿತ್ತಾಗ ಅಡುಗೆಮನೆಯ ಕುಕ್ಕರ್ ಕೂಗುತ್ತಿತ್ತು. ಕೂಗು ನಡುವೆಯೇ ತುಂಡಾಯಿತು. ರಸ್ತೆಯ ಆಟೋ ಸದ್ದೂ ಇಲ್ಲ, ಕಾಗೆಯೂ ಇಲ್ಲ. ಕಿವಿಗೆ ಯಾರೋ ಹತ್ತಿ ತುರುಕಿದ ಹಾಗೆ.

ಮೂರನೆಯದು ಬಂದಾಗ ಅವನ ಕಾಲ ಸುತ್ತಲಿನ ನೀರು ಅಲುಗುವುದನ್ನು ಬಿಟ್ಟಿತು.

“ಮೂರು ಆಯ್ತು, ಇದೊಂದು,” ಎಂದು ಧೈರ್ಯಕ್ಕೆ ತನಗೆ ತಾನೇ ಹೇಳಿಕೊಂಡು ನಾಲ್ಕನೆಯದನ್ನೂ ಇಕ್ಕಳ ಹಾಕಿ ಕಿತ್ತ.

ಬೆನ್ನ ಹಿಂದೆ ಯಾರೋ ಉಸಿರು ಬಿಟ್ಟರು. ಬಹಳ ದಿನ ಕಟ್ಟಿಟ್ಟ ಉಸಿರು. ತಣ್ಣಗಿನದೊಂದು ಅವನ ಭುಜ ಸವರಿಕೊಂಡು ದಾಟಿತು. ಏಣಿ ಕಿರುಗುಟ್ಟಿತು. ಒಂದು ಮೆಟ್ಟಿಲು. ಇನ್ನೊಂದು. ಒದ್ದೆ ಪಾದಗಳು. ಬೆಳಕಿನ ಚೌಕದಲ್ಲಿ ಅವನದೇ ನೀಲಿ ಷರಟು. ಅವನದೇ ಮಡಿಸಿದ ತೋಳು.

“ಆಯ್ತೇನ್ರೀ?” ಅಕ್ಷತಾ ಕೇಳಿದಳು.

“ಆಯ್ತು ಕಣೇ.” ದನಿ ಅವನದೇ.

ಕೂಗಿದ. ಬಾಯಿ ತೆರೆಯಿತು. ಸದ್ದು ಹೊರಡಲಿಲ್ಲ. ಏಣಿಗೆ ಹಾರಿದ. ಏಣಿ ಮೇಲಕ್ಕೆ ಹೋಯಿತು. ಮುಚ್ಚಳ ಬಿತ್ತು. ಕತ್ತಲೆ.

ಮೊಳೆ. ಮೊಳೆ ಮತ್ತೆ ಹೊಡೆಯಬೇಕು. ಬೆರಳಲ್ಲಿ ಗೋಡೆ ತಡಕಿದ. ಆ ಮೂಲೆ. ಈ ಮೂಲೆ. ತೂತಿಲ್ಲ. ಮೊನ್ನೆ ಮೊನ್ನೆ ಗಾರೆ ಮಾಡಿದಂಥ ನುಣುಪು. ಮೊಳೆಯ ತುದಿ ಒತ್ತಿದ. ಸಿಮೆಂಟು ಸೀಳಲಿಲ್ಲ, ಅಂಗೈ ಸೀಳಿತು.

ತಲೆಯ ಮೇಲೆ ಪೈಪು ಗೊರಗೊರ ಎಂದಿತು. ನಾಳೆ ಬರಬೇಕಾದ ನೀರು ಇವತ್ತೇ ಬಂತು. ಸೊಂಟಕ್ಕೆ ಬಂತು. ಎದೆಗೆ. ಗದ್ದಕ್ಕೆ. ತಲೆಗೆ ಮುಚ್ಚಳ ತಾಗಿತು. ಮೂಗು ಮುಳುಗಿತು. ಉಸಿರು ಕಟ್ಟಿತು. ಕಟ್ಟಿದ ಉಸಿರು ಕಟ್ಟಿದಂತೆಯೇ ಉಳಿಯಿತು. ಪ್ರಾಣ ಮಾತ್ರ ಹೋಗಲಿಲ್ಲ. ಸಾಯುವುದಕ್ಕೂ ಅಲ್ಲಿಂದ ದಾರಿ ಇರಲಿಲ್ಲ.

ಆಗ ಪೈಪಿನ ಮೂಲಕ ಮೇಲಿನ ಮಾತು ಕೇಳಿಸಿತು. ಮೋಟರಿನ ಪಕ್ಕದ ನಲ್ಲಿಯ ಹತ್ತಿರ ಅಕ್ಷತಾ ನಿಂತಿದ್ದಳು. ಅವನು ತಳಕ್ಕೆ ಮುಳುಗಿ, ಫುಟ್‌ವಾಲ್ವಿನ ಜಾಲರಿಗೆ ಬಾಯಿ ಕೊಟ್ಟು, ಒಳಗಿದ್ದುದನ್ನೆಲ್ಲ ಒಟ್ಟುಮಾಡಿ ಅವಳ ಹೆಸರು ಕೂಗಿದ.

“ರೀ, ನಲ್ಲೀಲಿ ಯಾರೋ ಅತ್ತಂಗೆ ಆಗ್ತಾ ಇದೆ ಕಣ್ರೀ.”

“ಏರ್ ಹಿಡ್ಕಂಡಿದೆ ಕಣೇ. ತಡಿ, ಮೇನ್ ಆನ್ ಮಾಡಿ ಮೋಟ್ರು ಹಾಕ್ತೀನಿ.”

ಮೋಟರ್ ಗುಂಯ್ ಎಂದಿತು. ಜಾಲರಿ ಅವನ ತುಟಿಯನ್ನು ಹಿಡಿದೆಳೆಯಿತು. ಕೂಗಿದ್ದೆಲ್ಲ ನೀರಿನ ಜೊತೆ ಮೇಲಕ್ಕೆ ಹೋಯಿತು. ಲೋಟ ತುಂಬುವ ಸದ್ದು.

“ಅಬ್ಬಾ, ಎಷ್ಟು ತಿಳಿಯಾಗಿದೆ ನೋಡ್ರೀ,” ಅಂದಳು ಅಕ್ಷತಾ.

“ಹೊಟ್ಟೆ ತುಂಬಾ ಕುಡಿ. ಮಗೂಗೂ ಬೇಕಲ್ಲ.”

ಗಟಗಟನೆ ಅವಳು ಕುಡಿಯುವುದು ಅವನಿಗೆ ಕೇಳಿಸಿತು.