ಬಲೂನು ಮುಟ್ಟಿದರೆ ಒಂದು ಸುತ್ತು

"ಲೋರ್ನ್! ತಿರುಗಿಸು! ಹಡಗು ಬರ್ತಿದೆ! ತಿರುಗಿಸೋ!"

ವೈರ್‌ಲೆಸ್‌ನಲ್ಲಿ ಕೂಗಿ ಕೂಗಿ ಗಂಟಲು ಹರಿದುಹೋಗಿತ್ತು.

ಉತ್ತರ ಬಂತು. ಜೊತೆಗೆ ನಗುವೂ ಬಂತು.

"ಯಾವ ಹಡಗಪ್ಪಾ, ಝಿಂಕ್? ಹೋದ ವರ್ಷ ಬಂತಲ್ಲ... ಅದೇನಾ?"

ರೇಸಿನಲ್ಲಿದ್ದ ಇಪ್ಪತ್ತೆರಡು ಹಾಯಿದೋಣಿಗಳಲ್ಲೂ ಆ ಮಾತು ಕೇಳಿಸಿತ್ತು. ಯಾರೋ ಸಿಳ್ಳೆ ಹೊಡೆದರು. ಇನ್ನೊಬ್ಬ ಬಾಯಲ್ಲೇ ಹಡಗಿನ ಹಾರ್ನ್ ಊದಿದ.

ನಗಲಿ ಬಿಡಿ. ಅವರ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಆದರೆ ಈ ಸಲ ಹಡಗು ನಿಜವಾಗಿಯೂ ಇತ್ತು! ಜಾರ್ಜಸ್ ದ್ವೀಪದ ಮರೆಯಲ್ಲಿ, ಮುನ್ನೂರು ಮೀಟರ್ ಉದ್ದದ ಕಂಟೇನರ್ ಹಡಗು. ಇಂಜಿನ್ ನಿಲ್ಲಿಸಿದರೂ ಒಂದು ಮೈಲಿ ಮುಂದೆ ಬಂದೇ ನಿಲ್ಲುವಂಥದ್ದು. ಪಕ್ಕಕ್ಕೆ ಸರಿಯೋಣವೆಂದರೆ ಅದಕ್ಕೆ ಬೇಕಾದಷ್ಟು ಆಳ ಇದ್ದದ್ದು ಬಂದರಿನ ಆ ಒಂದೇ ದಾರಿಯಲ್ಲಿ.

ಇನ್ನು ನಾಲ್ಕು ನಿಮಿಷದಲ್ಲಿ ಆ ದಾರಿಗೆ ಅಡ್ಡ ಬರಲಿದ್ದವನು ಲೋರ್ನ್ ಬುಟಿಲಿಯರ್. ರೇಸಿನಲ್ಲಿ ಎಲ್ಲರಿಗಿಂತ ಮುಂದೆ. ಅವನ ದೋಣಿಯಲ್ಲಿ ನಾಲ್ಕು ಜನ. ಆ ನಾಲ್ವರಲ್ಲಿ ಒಬ್ಬಳು ನೋರೀನ್.

ನೋರೀನ್ ಯಾರು ಅಂತ ಕೇಳುತ್ತೀರಾ?

ಹನ್ನೊಂದು ವರ್ಷ ನನ್ನ ಹೆಂಡತಿಯಾಗಿದ್ದವಳು. ಎರಡು ವರ್ಷದಿಂದ ಅವನ ಜೊತೆ ಇದ್ದಾಳೆ.

ಕೇಳಿ. ನನ್ನ ಹೆಸರು ರಸೆಲ್ ಝಿಂಕ್. ಹ್ಯಾಲಿಫ್ಯಾಕ್ಸ್ ಬಂದರಿನಲ್ಲಿ ಹಾಯಿದೋಣಿಗಳ ರೇಸ್ ನಡೆಯುವ ದಿನ ನೀರಿನ ಮೇಲಿನ ಟ್ರಾಫಿಕ್ ಪೊಲೀಸ್ ನಾನೇ. ಒಂದು ಲಾಂಚು, ಒಂದು ಹಾರ್ನು, ಎರಡು ವೈರ್‌ಲೆಸ್ಸು. ಒಂದರಲ್ಲಿ ದೊಡ್ಡ ಹಡಗುಗಳ ಮಾತು, ಇನ್ನೊಂದರಲ್ಲಿ ರೇಸಿನವರ ಮಾತು. ರೇಸಿನವರು ತಮ್ಮ ಚಾನೆಲ್ ಬಿಟ್ಟು ಇನ್ನೇನನ್ನೂ ಕೇಳುವುದಿಲ್ಲ. ಹಡಗಿನವರು ಹೇಳಿದ್ದನ್ನು ಅವರಿಗೆ ಮುಟ್ಟಿಸುವುದು ನನ್ನ ಕೆಲಸ. ಅವರು ನನ್ನನ್ನು ನಂಬಬೇಕು, ಅಷ್ಟೇ.

ಆ ನಂಬಿಕೆಯನ್ನು ಹೋದ ವರ್ಷ ನಾನೇ ಹಾಳುಮಾಡಿಕೊಂಡಿದ್ದೆ.

ಹೋದ ವರ್ಷವೂ ಲೋರ್ನನೇ ಮುಂದಿದ್ದ. ಅವನ ತಲೆ ಮೇಲೆ ನೀಲಿ ಉಣ್ಣೆ ಟೋಪಿ. ಅದನ್ನು ನೋರೀನ್ ಹೆಣೆದಿದ್ದು ನನಗಾಗಿ! ನನ್ನ ತಲೆಯ ಅಳತೆಗೆ! ಅಲ್ಮೆರಾದಲ್ಲಿ ಎಷ್ಟು ಹುಡುಕಿದರೂ ಸಿಕ್ಕಿರಲಿಲ್ಲ. ಅವನ ತಲೆ ಮೇಲೆ ನೋಡಿದ ತಕ್ಷಣ ಹೊಟ್ಟೆಯೊಳಗೆ ಬೆಂಕಿ ಬಿತ್ತು. ಮೈಕ್ ಎತ್ತಿದೆ. "ಹಡಗು ಬರ್ತಿದೆ, ಮುಂದಿರೋ ದೋಣಿ ನಿಲ್ಲಲಿ" ಅಂದೆ.

ಅವನು ನಿಂತ. ಆರು ದೋಣಿ ಅವನನ್ನು ದಾಟಿ ಹೋದವು. ಹಡಗು ಬರಲೇ ಇಲ್ಲ.

ಹಡಗು ಬಂದರಿನ ಹೊರಗೇ ಲಂಗರು ಹಾಕಿತು, ನನಗೆ ತಪ್ಪು ಮಾಹಿತಿ ಬಂದಿತ್ತು ಅಂತ ಹೇಳಿ ಜಾರಿಕೊಂಡೆ. ಯಾರೂ ನಂಬಲಿಲ್ಲ. ಯಾರೂ ಸಾಬೀತು ಮಾಡಲೂ ಆಗಲಿಲ್ಲ.

"ಏನೋ ಮಾಡ್ತೀಯಾ ಈಗ?" ಗ್ಲೆಂಡಾ ಕೇಳಿದಳು.

ಗ್ಲೆಂಡಾ ನನ್ನ ಲಾಂಚು ಓಡಿಸುವವಳು. ವಯಸ್ಸು ಅರವತ್ತಮೂರು. ಮೂವತ್ತು ವರ್ಷ ಲಾಬ್‌ಸ್ಟರ್ ಹಿಡಿದ ಕೈ. ಬಾಯಿ ಕೈಗಿಂತ ಜೋರು.

ದಡದಲ್ಲಿ ಕೂತಿದ್ದ ಕ್ಲಬ್ಬಿನ ಮುಖ್ಯಸ್ಥ ಆರ್ಚಿಬಾಲ್ಡ್‌ನನ್ನು ಕರೆದೆ. "ಆರ್ಚಿ, ರೇಸ್ ನಿಲ್ಸು! ಹಡಗು ನಾಲ್ಕು ಗಂಟೆಗೆ ಅಂದಿದ್ರು, ಹಡಗುಕಟ್ಟೆ ಬೇಗ ಖಾಲಿಯಾಗಿ ಈಗ್ಲೇ ಬರ್ತಿದೆ!"

"ನನಗಿಲ್ಲಿಂದ ಯಾವ ಹಡಗೂ ಕಾಣ್ತಿಲ್ಲ, ರಸೆಲ್."

"ದ್ವೀಪದ ಹಿಂದಿದೆ ಮಾರಾಯಾ!"

"ಹೋದ ವರ್ಷನೂ ದ್ವೀಪದ ಹಿಂದೇ ಇತ್ತು." ಟಕ್! ವೈರ್‌ಲೆಸ್ ಇಟ್ಟುಬಿಟ್ಟ.

ಇನ್ನೊಂದು ವೈರ್‌ಲೆಸ್ ಎತ್ತಿಕೊಂಡೆ. ಹಡಗನ್ನು ಬಂದರಿನೊಳಕ್ಕೆ ತರುವ ಪೈಲಟ್‌ನ ದನಿ. "ಸ್ವಲ್ಪ ನಿಧಾನ ಮಾಡಿ" ಎಂದು ಬೇಡಿಕೊಂಡೆ.

"ಮಾಡಿದ್ದೀನ್ರೀ. ಇನ್ನೂ ನಿಧಾನ ಮಾಡಿದ್ರೆ ಚುಕ್ಕಾಣಿ ನನ್ನ ಮಾತು ಕೇಳಲ್ಲ. ದಾರಿ ಖಾಲಿ ಮಾಡ್ಸಿ!"

"ಹೊಡಿ ಗ್ಲೆಂಡಾ!"

ಲಾಂಚು ಮೂತಿ ಎತ್ತಿಕೊಂಡು ಹಾರಿತು. ಅಲೆ ಬಡಿದು ಮೈಯೆಲ್ಲ ಉಪ್ಪುನೀರು. ಒಂದೇ ನಿಮಿಷದಲ್ಲಿ ಲೋರ್ನನ ಪಕ್ಕದಲ್ಲಿದ್ದೆವು.

ದೋಣಿಯ ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು. ಮಿಸ್ ನೋರೀನ್! ಹನ್ನೊಂದು ವರ್ಷದಲ್ಲಿ ನನ್ನ ದೋಣಿಗೆ ನಾನು ಹೆಸರೇ ಇಟ್ಟಿರಲಿಲ್ಲ. ಬರೀ ನಂಬರು. ಯಾಕೆ ಹೊಳೆಯಲಿಲ್ಲ ನನಗೆ? ಇವನಿಗೆ ಮಾತ್ರ ಹೇಗೆ ಹೊಳೆಯಿತು?

ಮೇಲಾಗಿ ಅದೇ ನೀಲಿ ಟೋಪಿ...

"ಲೋರ್ನ್! ಈ ಸಲ ನಿಜ! ನನ್ನಾಣೆ!"

"ನಿನ್ನಾಣೆಗೆ ಏನು ಬೆಲೆನೋ?"

"ನೋರೀನ್, ನೀನಾದ್ರೂ ಹೇಳೇ!"

ನೋರೀನ್ ದೊಡ್ಡ ಹಾಯಿಯ ಹಗ್ಗ ಹಿಡಿದು ಕೂತಿದ್ದಳು. ಆ ಹಾಯಿ ದ್ವೀಪದ ಕಡೆಯ ನೋಟವನ್ನು ಅವಳಿಗೆ ಪೂರ್ತಿ ಮುಚ್ಚಿತ್ತು. ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಕನಿಕರ ಇತ್ತು. ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

"ಸಾಕು ಮಾಡು, ರಸೆಲ್. ಇಷ್ಟು ಜನರ ಮುಂದೆ ಯಾಕೆ ಮರ್ಯಾದೆ ಕಳ್ಕೋತೀಯಾ?"

ಅಷ್ಟರಲ್ಲಿ ಹಾರ್ನ್ ಕೇಳಿಸಿತು!

ಐದು ಸಲ. ಎದೆ ನಡುಗಿಸುವಂಥ ಹಾರ್ನ್. ಅಪಾಯ ಎಂದು ಅರ್ಥ. ದ್ವೀಪದ ಮರೆಯಿಂದ ಕಪ್ಪು ಮೂತಿ ಹೊರಬಂತು... ಬರುತ್ತಲೇ ಇತ್ತು... ಮುಗಿಯಲೇ ಇಲ್ಲ.

ಲೋರ್ನ್ ನೋಡಿದ. ಸ್ಪಷ್ಟವಾಗಿ ನೋಡಿದ. ಮುಖ ಬಿಳುಚಿಕೊಂಡಿತು. ಆಮೇಲೆ, ದೇವರೇ, ನಕ್ಕ!

"ದಾಟ್ತೀನಿ!" ಅಂದ. "ಸಲೀಸಾಗಿ ದಾಟ್ತೀನಿ! ಹಿಂದಿನವರೆಲ್ಲ ಆ ಕಡೆ ಸಿಕ್ಕಿಹಾಕ್ಕೊಳ್ಳಲಿ. ಹತ್ತು ನಿಮಿಷದ ಗೆಲುವು!"

"ಲೋ ಹುಚ್ಚಾ! ಗಾಳಿ ಅದರ ಬೆನ್ನ ಕಡೆಯಿಂದ ಬರ್ತಿದೆ! ಅದರ ಮುಂದೆ ಹೋದ್ರೆ ಗಾಳಿನೇ ಇರಲ್ಲ!"

ಅಷ್ಟೆತ್ತರದ ಹಡಗು ಗಾಳಿಗೆ ಗೋಡೆಯ ಹಾಗೆ. ಸರಿಯಾಗಿ ಅದರ ಮೂತಿಯೆದುರು ಹಾಯಿ ಜೋಲುಬೀಳುತ್ತದೆ, ದೋಣಿ ನಿಂತುಬಿಡುತ್ತದೆ. ಲೋರ್ನನಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಆದರೆ ಹೇಳುತ್ತಿದ್ದವನು ನಾನು! ನನ್ನ ಮಾತು ಕೇಳುವುದಕ್ಕಿಂತ ಸಾಯುವುದು ಅವನಿಗೆ ವಾಸಿ.

"ಅಡ್ಡ ಹೋಗು!" ಎಂದೆ ಗ್ಲೆಂಡಾಗೆ.

ಹೋದಳು. ಲೋರ್ನ್ ಚುಕ್ಕಾಣಿ ಎಳೆದು ಪಕ್ಕದಲ್ಲೇ ನುಣುಚಿಕೊಂಡ. ಒಂದು ಅಡಿ ಅಂತರ!

"ಗುದ್ದಿಬಿಡ್ಲಾ?" ಗ್ಲೆಂಡಾ ಕೇಳಿದಳು.

"ಬೇಡ! ಒಡೆದು ನಾಲ್ಕೂ ಜನ ನೀರಿಗೆ ಬಿದ್ರೆ ಹಡಗಿನ ಬಾಯಿಗೇ ಹೋಗ್ತಾರೆ."

"ಹಾಗಾದ್ರೆ ನಿಂತು ನೋಡು. ನಿನ್ನ ಹೊಟ್ಟೆಗೆ ತಂಪಾಗತ್ತೆ."

ಹೇಳಿಬಿಟ್ಟಳು. ಸುಳ್ಳಲ್ಲ, ಒಂದು ಕ್ಷಣ ನನ್ನ ಕಣ್ಣಿಗೂ ಅದೇ ಕಂಡಿತು. ಲೋರ್ನ್ ಇಲ್ಲ, ಟೋಪಿ ಮಾತ್ರ ನೀರ ಮೇಲೆ... ಅದರ ಬೆನ್ನಿಗೇ ನೋರೀನಳ ಮುಖ ಕಂಡಿತು.

ಮುಂದೆ ಇನ್ನೂರು ಮೀಟರ್ ದೂರದಲ್ಲಿ ಗುರುತಿನ ಬಲೂನು. ಕಿತ್ತಳೆ ಬಣ್ಣ, ಆಳೆತ್ತರ, ಲಂಗರು ಹಾಕಿ ನಿಲ್ಲಿಸಿದ್ದು. ಎಲ್ಲ ದೋಣಿಗಳೂ ಅದನ್ನು ಬಳಸಿ ಹೋಗಬೇಕು. ಬಳಸಿದ ಮೇಲೆ ಹಡಗಿನ ದಾರಿ.

ಈ ಆಟಕ್ಕೆ ಅಂಪೈರ್ ಇಲ್ಲ. ಬಲೂನಿಗೆ ದೋಣಿ ತಗುಲಿದರೆ ನೀವೇ ಒಪ್ಪಿಕೊಂಡು, ನೀವೇ ಒಂದು ಪೂರ್ತಿ ಸುತ್ತು ಹಾಕಬೇಕು. ಯಾರೂ ನೋಡಿರದಿದ್ದರೂ ಸರಿ. ಲೋರ್ನ್ ತಗುಲಿಸಿಕೊಂಡು ಸುಮ್ಮನೆ ಹೋದದ್ದನ್ನು ನಾನು ಮೂರು ಸಲ ಕಂಡಿದ್ದೇನೆ.

ನೋರೀನ್ ಹಾಗಲ್ಲ.

ಅವಳಿಗೆ ಸುಳ್ಳು ಬರುವುದೇ ಇಲ್ಲ. ಎರಡು ವರ್ಷದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ನಾನು ಮೀನಿನ ಸೂಪು ಕುಡಿಯುತ್ತಿದ್ದೆ. ನನಗೆ ಯಾವ ಅನುಮಾನವೂ ಇರಲಿಲ್ಲ. ಅವಳಾಗಿಯೇ ಬಂದು ಎದುರು ಕೂತಳು. "ರಸೆಲ್, ನನಗೆ ಲೋರ್ನ್ ಮೇಲೆ ಮನಸ್ಸಾಗಿದೆ. ನಿನಗೆ ಮೊದಲು ಹೇಳ್ಬೇಕು ಅನ್ನಿಸ್ತು" ಅಂದಳು. ಅವತ್ತು ಒಂದು ಸುಳ್ಳು ಹೇಳಿದ್ದರೆ ಸಾಕಾಗಿತ್ತು. ಹೇಳಲಿಲ್ಲ. ಆ ಸೂಪಿನ ರುಚಿ ಇನ್ನೂ ನಾಲಿಗೆಯಲ್ಲಿದೆ.

"ಗ್ಲೆಂಡಾ! ಬಲೂನಿನ ಹತ್ರ! ಚಾಕು ಕೊಡು!"

"ಏನೋ ನಿಂದು?"

"ಕೊಡೇ ಮುದುಕಿ!"

ಲಾಂಚಿನ ಮೂತಿಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿದೆ. ಲಂಗರಿನ ಹಗ್ಗ ಸಿಕ್ಕಿತು. ಕೊಯ್ದೆ... ಕೊಯ್ದೆ... ಕಡಿಯಿತು! ಬಲೂನನ್ನು ಎರಡೂ ಕೈಯಲ್ಲಿ ತಬ್ಬಿಕೊಂಡೆ.

"ತಳ್ಳು! ಲೋರ್ನನ ಕಡೆ!"

ಲೋರ್ನ್ ಬಂದ. ಬಲೂನಿಗೆ ಒಂದು ಗೇಣು ಅಂತರ ಬಿಟ್ಟು ತಿರುಗುವವನಿದ್ದ. ಚೆನ್ನಾಗಿ ಓಡಿಸುತ್ತಾನೆ, ಪಾಪಿ! ನನಗಿಂತ ಚೆನ್ನಾಗಿ. ಅದೂ ಉರಿಯುತ್ತದೆ ನನಗೆ.

"ಈಗ!"

ಗ್ಲೆಂಡಾ ಇಂಜಿನ್ ಕಿರುಚಿಸಿದಳು. ಬಲೂನು, ನಾನು, ಲಾಂಚು, ಮೂವರೂ ಒಟ್ಟಿಗೆ ಅವನ ದೋಣಿಗೆ ಒರಗಿದೆವು. ಬಲೂನು ದೋಣಿಯ ಮೈ ಉದ್ದಕ್ಕೂ ಉಜ್ಜಿ ಕೀಚಲು ಸದ್ದು ಮಾಡಿತು. ನಾನು ಕುತ್ತಿಗೆವರೆಗೂ ನೀರಿನಲ್ಲಿ!

"ಮುಟ್ಟಿತು!" ನೋರೀನ್ ಎದ್ದೇಬಿಟ್ಟಳು. "ಲೋರ್ನ್, ಮುಟ್ಟಿತು! ಸುತ್ತು ಹಾಕು!"

"ಅವನು ತಂದು ಗುದ್ದಿದ! ಇದು ಲೆಕ್ಕಕ್ಕಿಲ್ಲ!"

"ಅದನ್ನ ಆಮೇಲೆ ಹೇಳೋಣ. ಮೊದ್ಲು ಸುತ್ತು!"

"ಕಪ್ ಹೋಗತ್ತೆ ಕಣೇ!"

"ಹೋದ್ರೆ ಹೋಗ್ಲಿ! ಮುಟ್ಟಿದ ಮೇಲೆ ಹಾಗೇ ಹೋಗೋ ದೋಣೀಲಿ ನಾನು ಕೂರಲ್ಲ!"

ಹಗ್ಗ ಬಿಟ್ಟೇಬಿಟ್ಟಳು! ಹಾಯಿ ಪಟಪಟ ಬಡಿದುಕೊಂಡಿತು. ಲೋರ್ನನಿಗೆ ಬೇರೆ ದಾರಿಯಿರಲಿಲ್ಲ. ಬಾಯಿಗೆ ಬಂದಂತೆ ಬೈಯುತ್ತ ಚುಕ್ಕಾಣಿ ತಿರುಗಿಸಿದ.

ದೋಣಿ ಸುತ್ತತೊಡಗಿತು. ಅರ್ಧ ಸುತ್ತು... ಮುಕ್ಕಾಲು...

ಹಾಯಿ ಆಚೆ ಸರಿಯಿತು. ಹಡಗು ಎಷ್ಟು ಹತ್ತಿರವಿದೆ ಅಂತ ನೋರೀನ್ ಆಗ ನೋಡಿದಳು.

ಐವತ್ತು ಮೀಟರ್ ದೂರದಲ್ಲಿ ಕಬ್ಬಿಣದ ಗೋಡೆ ಹಾದುಹೋಗುತ್ತಿತ್ತು. ಬಿಸಿಲು ಮರೆಯಾಯಿತು. ಗಾಳಿ ಸತ್ತುಹೋಯಿತು. ಹಾಯಿಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು, ದೋಣಿ ನಿಂತಲ್ಲೇ ನಿಂತಿತು. ಲೋರ್ನ್ ಟೋಪಿ ತೆಗೆದು ಎದೆಗೆ ಒತ್ತಿಹಿಡಿದಿದ್ದ.

ನೋರೀನ್ ಹಡಗನ್ನು ನೋಡಿದಳು. ನನ್ನನ್ನು ನೋಡಿದಳು.

ಗ್ಲೆಂಡಾ ನನ್ನ ಕಾಲರ್ ಹಿಡಿದು ಮೇಲಕ್ಕೆಳೆದಳು. "ಬದುಕಿದ್ದೀಯೇನೋ?"

"ಬದುಕಿದ್ದೀನಿ, ಚಳಿ!"

ಸಂಜೆ ಕ್ಲಬ್ಬಿನಲ್ಲಿ ವಿಚಾರಣೆ. ಲೋರ್ನ್ ದೂರು ಕೊಟ್ಟಿದ್ದ. ರೇಸ್‌ನಲ್ಲಿ ಅವನು ಒಂಬತ್ತನೆಯವನಾಗಿ ಬಂದಿದ್ದ. ಕೇಳಿದಾಗ ಆದ ಸಂತೋಷ ನಿಮ್ಮ ಹತ್ತಿರ ಯಾಕೆ ಮುಚ್ಚಿಡಲಿ?

ಆರ್ಚಿ ಕನ್ನಡಕ ಏರಿಸಿದ. "ಬಲೂನಿನ ಹಗ್ಗ ಕೊಯ್ದದ್ದು ನೀನೇನಾ?"

"ನಾನೇ."

"ಯಾಕೆ?"

"ನಾಲ್ಕು ಜನ ಸಾಯ್ತಿದ್ರು. ಪೈಲಟ್‌ನ ಕೇಳಿ."

"ಕೇಳಿದ್ದೀವಿ. ಅವರೂ ಅದನ್ನೇ ಹೇಳಿದ್ರು. ಆದ್ರೆ ನಿನ್ನ ಮಾತನ್ನ ನಾವ್ಯಾಕೆ ನಂಬಲಿಲ್ಲ, ರಸೆಲ್?"

ಲೋರ್ನ್ ಕೈಕಟ್ಟಿ ನಿಂತಿದ್ದ. ಅವನ ಪಕ್ಕದಲ್ಲಿ ನೋರೀನ್ ನನ್ನನ್ನೇ ನೋಡುತ್ತಿದ್ದಳು, ಆ ಭಾನುವಾರ ನೋಡಿದ ಹಾಗೆಯೇ. ತಪ್ಪು ಮಾಹಿತಿ ಎಂಬ ಹಳೇ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಬಾಯಿ ತೆರೆದರೆ ಇನ್ನೇನೋ ಬಂತು.

"ಹೋದ ವರ್ಷ ಹಡಗು ಇರಲಿಲ್ಲ. ಇವನನ್ನ ನಿಲ್ಲಿಸೋಕೆ ಸುಳ್ಳು ಹೇಳ್ದೆ. ಹೊಟ್ಟೆಕಿಚ್ಚು."

ಆರ್ಚಿ ಪೆನ್ನು ಕೆಳಗಿಟ್ಟ. ಹತ್ತು ನಿಮಿಷದಲ್ಲಿ ತೀರ್ಪು ಬಂತು. ನನ್ನ ಬ್ಯಾಡ್ಜ್ ಕಿತ್ತುಕೊಂಡರು, ಮುಂದಿನ ರೇಸಿಗೆ ನಾನಿಲ್ಲ. ಇನ್ನೂ ಒಂದಿತ್ತು. ಬಲೂನನ್ನು ರೇಸಿನ ಅಧಿಕಾರಿಯೇ ಸರಿಸಿದರೆ ತಪ್ಪು ದೋಣಿಯದ್ದಲ್ಲವಂತೆ, ನಷ್ಟ ತುಂಬಿಕೊಡಬೇಕಂತೆ. ಅಲ್ಲಿಯವರೆಗೆ ಮುಂದಿದ್ದವನು ಲೋರ್ನ್. ಹಾಗಾಗಿ ಗೆದ್ದವನೂ ಲೋರ್ನೇ!

ಅವನ ಜೀವವನ್ನೂ ನಾನೇ ಉಳಿಸಿದೆ. ಕಪ್ಪನ್ನೂ ನಾನೇ ಕೊಡಿಸಿದೆ.

ಹೊರಗೆ ಮೆಟ್ಟಿಲ ಮೇಲೆ ನೋರೀನ್ ಹಿಂದಿನಿಂದ ಬಂದಳು.

"ನಾನು ಹಗ್ಗ ಬಿಡ್ತೀನಿ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು."

"ದೋಣೀಲಿ ನಾನಿಲ್ದೆ ಅವನೊಬ್ಬನೇ ಇದ್ದಿದ್ರೆ?"

"ಅವನು ಸುತ್ತು ಹಾಕ್ತಾನೇ ಇರಲಿಲ್ಲ, ನೋರೀನ್."

"ಥ್ಯಾಂಕ್ಸ್, ರಸೆಲ್" ಅಂದಳು. ತಿರುಗಿ ಒಳಗೆ ಹೋದಳು, ಅವನ ಹತ್ತಿರ. ಕಿಟಕಿಯಲ್ಲಿ ಕಾಣುತ್ತಿತ್ತು. ಲೋರ್ನ್ ಕಪ್ ಎತ್ತಿದ. ಅವಳು ಅವನ ಟೋಪಿ ಸರಿಮಾಡಿದಳು.

ಗ್ಲೆಂಡಾ ಮಾಂಸ ತುಂಬಿ ಸುತ್ತಿದ ಎರಡು ಡೋನೇರ್ ರೊಟ್ಟಿ ಹಿಡಿದುಕೊಂಡು ಬಂದಳು. ಒಂದನ್ನು ನನ್ನ ಕೈಗೆ ತುರುಕಿದಳು. ಸಿಹಿ ಸಾಸು ಮೊಣಕೈವರೆಗೂ ಸುರಿಯಿತು.

"ಇನ್ನೂ ಉರೀತಿದೆಯೇನೋ?"

"ಇಲ್ಲಪ್ಪ," ಅಂದೆ.

ನಮ್ಮ ಮನೆಯಲ್ಲಿ ನಿಜ ಹೇಳುತ್ತಿದ್ದವಳು ನೋರೀನ್ ಒಬ್ಬಳೇ.