ಕರಿಕೋಟೆಯ ತಂಗಿ

ಹಿರೇಹಡಗಲಿಯ ತವರುಮನೆಯಲ್ಲಿ ಶಿವಗಂಗಾ ರೊಟ್ಟಿ ಬಡಿಯುತ್ತಿದ್ದಳು. ಹೊರಗೆ ಬೈಕು ನಿಂತ ಸದ್ದಿಗೆ ಕೈ ತಡೆಯಿತು.

ಅದು ಗಂಡ ಸಿದ್ದಲಿಂಗನ ಬೈಕು. ದೀಪಾವಳಿಗೆ ಮುಂಚೆ ಅವಳನ್ನೂ ಮಗಳು ಕ್ರಾಂತಿಯನ್ನೂ ಇಲ್ಲಿ ಬಿಟ್ಟು ಹರಪನಹಳ್ಳಿಗೆ ಹೋದವನು, ಬೇಸಿಗೆಯಲ್ಲಿ ಬಂದಿದ್ದಾನೆ...

"ಕ್ರಾಂತಿ ಬೂಟು ಅಲ್ಲೇ ಉಳದಿದ್ವು. ಕೊಟ್ಟು ಹೋಗೋಣಂತ..." ಅವನು ಹೊಸ್ತಿಲಾಚೆಯೇ ನಿಂತ.

"ಅವು ಈಗ ಆಕಿ ಕಾಲಿಗೆ ಹಿಡಿಯಂಗಿಲ್ರಿ."

'ಬೂಟು ಕೊಡಾಕ ಬಂದಾನ. ನನ್ನ ಕರಿಯಾಕಲ್ಲ...' ಹಂಚಿನ ಮೇಲೆ ರೊಟ್ಟಿ ಸೀಯತೊಡಗಿತು.

ಹೊಟ್ಟೆಯಲ್ಲಿದ್ದ ಎರಡನೇ ಕೂಸು ಉಳಿಯದೆ ಹೋದಾಗ ಅವನೇ ಅಂದಿದ್ದ, "ತವರಾಗ ಆರಾಮಾಗು." ತವರಿಗೆ ಬಂದವಳನ್ನು ಗಂಡನೇ ಬಂದು ಕರೆದೊಯ್ಯಬೇಕು. ತಾನಾಗಿ ಹೋದರೆ ಊರು ಆಡಿಕೊಳ್ಳುತ್ತದೆ. ಅವಳು ಕಾದಳು. ಅವನು ಬರಲಿಲ್ಲ.

"ಅಪ್ಪಾ, ತಂಗಿ ಎಷ್ಟು ದೊಡ್ಡಾಕಿ ಆಗ್ಯಾಳ ನೋಡು ಬಾ!" ಕಟ್ಟೆಯ ಮೇಲಿಂದ ಕ್ರಾಂತಿ ಕರೆದಳು.

ಗಂಡ ಹೆಂಡತಿ ಇಬ್ಬರೂ ಬೆಚ್ಚಿ ಅತ್ತ ತಿರುಗಿದರು.

ಅವಳ ಕೈಯಲ್ಲಿ ಅಜ್ಜಿಯ ಫೋನು. ಅದರೊಳಗೊಂದು ಆಟ. ದೆವ್ವಗಳಿರುವ ಕರಿಕೋಟೆಯಲ್ಲಿ ಅನಾಥ ಹುಡುಗಿಯೊಬ್ಬಳನ್ನು ಸಾಕಿ, ಕತ್ತಿ ಕಲಿಸಿ ಬೆಳೆಸಬೇಕು. ಆ ಹುಡುಗಿಗೆ ಕ್ರಾಂತಿ ಇಟ್ಟ ಹೆಸರು 'ತಂಗಿ'.

ಸಿದ್ದಲಿಂಗ ಮೆಲ್ಲಗೆ ಕಟ್ಟೆಗೆ ಕೂತ. "ನನಗೂ ಕಲಸಲೇ."

"ಮೊದಲಿಗೇ ದೊಡ್ಡ ದೆವ್ವದ ಮುಂದ ನಿಲ್ಲಸಬ್ಯಾಡ. ಉಣ್ಣಾಕ ಹಾಕು. ಎಲ್ಲಾ ಒಮ್ಮೆಲೇ ಬ್ಯಾಡ, ಮೊದಲು ಒಂದ ವಿದ್ಯಾ ಕಲಸು. ಕೆಂಪು ಗೆರಿ ಬಂದ್ರ ದಣದಾಳ ಅಂತ."

ಅವನು ಆಡಿದ. ಕೆಂಪು ಗೆರೆ ಬಂತು. ಹುಡುಗಿಯನ್ನು ಕೋಣೆಯಲ್ಲಿ ಮಲಗಿಸಿ, ಬಾಗಿಲು ಹಾಕಿ ಹೊರಬಂದ. ಗೋಡೆಯಿಂದ ಕಪ್ಪು ಇಳಿದು ಅವಳ ಮೈಗೆ ಹತ್ತಿತು.

"ಅಯ್ಯ, ಹೊಸಬರೆಲ್ಲಾ ಇದ ತಪ್ಪು ಮಾಡ್ತಾರಪ್ಪಾ. ಒಬ್ಬಾಕಿನ್ನ ಬಿಟ್ರ ಕತ್ತಲ ಅಂಟತೈತಿ. ಬಾಜೂಕ ಕುಂದರಬೇಕು."

"ಕುಂತ್ರ ಆಕಿಗೆ ಬ್ಯಾಸರಾಗಂಗಿಲ್ಲೇನು?"

"ಮಾತಾಡಬ್ಯಾಡ. ಸುಮ್ನ ಕುಂದರು."

ಸಿದ್ದಲಿಂಗನ ಬೆರಳು ನಿಂತಿತು. ಫೋನನ್ನು ಮಗಳ ಕೈಗೆ ಕೊಟ್ಟು, ಒಳಗಿದ್ದ ಹೆಂಡತಿಯತ್ತ ತಿರುಗಿದ.

"ಗಂಗಾ... ಕರದ್ರ ಒತ್ತಾಯ ಆಗ್ತೈತಿ ಅಂದ್ಕಂಡಿದ್ದೆ. ಆರಾಮಾದ ಮ್ಯಾಲೆ ನೀನ ಹೇಳಿ ಕಳಸ್ತಿ ಅಂತ..."

"ನಾನು ಹೇಳಿ ಕಳಸೋದೇನ್ರಿ?" ಅವಳು ಹಿಟ್ಟು ಬಿಟ್ಟು ಅವನತ್ತ ತಿರುಗಿದಳು. "ಬೈಕಿನ ಸದ್ದಾದಾಗೆಲ್ಲ ಬಾಗಲಿಗೆ ಬಂದೀನಿ. ಕೂಸಿನ ಜೋಡಿ ನಾನೂ ನಿಮಗ ಬ್ಯಾಡಾದೆ ಅಂದ್ಕಂಡೆ. ನೀವು ಒಂದು ಹನಿ ಅಳಲಿಲ್ಲ..."

"ನಿನ್ನ ಮುಂದ ಅಳಲಿಲ್ಲ. ಡಿಪೋದಾಗ ರಿಪೇರಿಗೆ ಬಸ್ಸಿನ ಕೆಳಗ ಮಲಗ್ತೀನಲ್ಲ... ಅಲ್ಲಿ ಯಾರಿಗೂ ಮುಖ ಕಾಣಂಗಿಲ್ಲ."

ಶಿವಗಂಗಾ ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. ಅವನು ಎದ್ದ, ಹೊಸ್ತಿಲು ದಾಟಿ ಬಂದು ಒಲೆಯ ಮುಂದೆ ಅವಳ ಬಾಜೂಕೆ ಕೂತ. ಏನೂ ಮಾತಾಡಲಿಲ್ಲ.

ತುಸು ಹೊತ್ತಿಗೆ ಅವಳೇ ತಾಟು ಸರಿಸಿದಳು. "ರೊಟ್ಟಿ ಸೀದೈತ್ರಿ."

"ಇರಲಿ. ಅದನ್ನ ಕೊಡು."

ಕ್ರಾಂತಿ ಫೋನು ಕೆಳಗಿಟ್ಟು ಒಳಗೆ ಬಂದಳು. ಕೇಳಲು ಹೋದಾಗೆಲ್ಲ ಅಜ್ಜಿ ಸುಮ್ಮನಾಗಿಸಿದ್ದ ಮಾತು ಅವಳ ಬಾಯಲ್ಲಿತ್ತು. ಚಿಕ್ಕದಾದ ಆ ಬೂಟುಗಳನ್ನೇ ಎದೆಗವಚಿಕೊಂಡು ಅಪ್ಪನ ಮುಖ ನೋಡಿದಳು.

"ಅಪ್ಪಾ... ನಮ್ಮನ್ನ ಕರಕಂಡು ಹೋಗಾಕ ಬಂದೀಯೇನು?"